ಉಡಿ ಅಕ್ಕಿ ಕಟ್ಟಿಕೊಂಡು ಸವಣೂರು ಸಂಸ್ಥಾನಕ್ಕೆ

ಹಂಸಭಾವಿ

ವಿಲಾಯತಿಗೆ ಹೋಗಿ ಬಂದವರು ಪ್ರವಾಸ ಕಥನ ಬರೆಯುವುದು ವಾಡಿಕೆ. ಹಡಗಿನಲ್ಲಿ ಹೊಟ್ಟೆ ತೊಳೆಸಿದ್ದು, ಮುಳ್ಳುಚಮಚದಿಂದ ಅನ್ನ ಜಾರಿದ್ದು, ಅಲ್ಲಿಯ ಜನ ನಕ್ಕರೂ ಸಪ್ಪಳವಾಗದ್ದು, ಎಲ್ಲವನ್ನೂ ಓದಿ ನಾನೂ ಹೊಟ್ಟೆ ಉರಿದುಕೊಂಡವಳೇ. ಆದರೆ ಪರದೇಶ ಕಂಡ ಪುಣ್ಯ ನನಗೂ ಇದೆ. ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ ಒಮ್ಮೆ ಹೋಗಿ ಬಂದೆ. ಆ ದೇಶಕ್ಕೆ ತನ್ನದೇ ದೊರೆಯಿದ್ದ, ತನ್ನದೇ ಕಚೇರಿ ಇತ್ತು, ಗಡಿಯಲ್ಲಿ ಅಡ್ಡಗೋಲು ಹಾಕಿದ ನಾಕಾ ಇತ್ತು, ನಾಕಾದಲ್ಲಿ ಮೀಸೆಯ ಜಮಾದಾರನಿದ್ದ. ದೇಶದ ಹೆಸರು ಸವಣೂರು. ಈಗ ಅದು ಎಲ್ಲ ಊರುಗಳಂತೆ ಒಂದು ಊರು. ಆಗ ನವಾಬರ ಸಂಸ್ಥಾನ. ನಮ್ಮ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ ಇಂಗ್ಲಿಷರ ಮುಂಬೈ ಇಲಾಖೆಗೆ ಸೇರಿದ್ದವು. ಎರಡು ದಿನದ ದಾರಿಯಲ್ಲಿ ರಾಜ್ಯವೇ ಬದಲಾಗುತ್ತಿತ್ತು.

ನಾನು ಹೋದದ್ದು ಪಾಠ ಮಾಡಲಿಕ್ಕೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಿ.ಟಿ. ಎಂಬ ಪದವಿಗೆ ಸೇರಿದ್ದೆ. ಬಿ.ಟಿ. ಎಂದರೆ ಕಲಿಸುವುದು ಹೇಗೆ ಎಂದು ಕಲಿಸುವ ಪದವಿ. ಅದಿಲ್ಲದೆ ಹೈಸ್ಕೂಲಿನಲ್ಲಿ ಕಾಯಂ ನೌಕರಿ ಇಲ್ಲ. ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಇದನ್ನು ಬಿಡಿಸಿ ಹೇಳಿದಾಗ ಅವಳು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದ್ದಳು:

“ಕಲಸೂದನ್ನೂ ಕಲೀಬೇಕೇನ? ಹಂಗಾರ ನಿನಗ ಕಲಸಾಂವಗ ಯಾರ ಕಲಿಸಿದ್ರು?”

“ಅವರೂ ಬಿ.ಟಿ. ಆಗ್ಯಾರ, ಆಯಿ.”

“ಅವರಿಗೆ?”

ಹೀಗೆ ಹಿಂದೆ ಹಿಂದೆ ಹೋಗಿ, ಮೊಟ್ಟಮೊದಲ ಮಾಸ್ತರ ನಾಪಾಸಾದವನೇ ಇರಬೇಕು ಎಂಬಲ್ಲಿಗೆ ಬಂದು ಮುಟ್ಟಿದೆವು.

ಬರೆಯುವ ಪರೀಕ್ಷೆ ಮುಗಿದಿತ್ತು. ಪರೀಕ್ಷಕರ ಎದುರು ಒಂದು ಪಾಠ ಮಾಡಿ ತೋರಿಸುವುದು ಮಾತ್ರ ಉಳಿದಿತ್ತು. ಅಷ್ಟರಲ್ಲಿ ಕಾಲೇಜಿದ್ದ ಊರಿಗೆ ಪ್ಲೇಗು ಬಂದು, ಅಲ್ಲಿಯ ಸಾಲೆಗಳೆಲ್ಲ ಮುಚ್ಚಿ, ನಾವು ಹುಡುಗಿಯರು ಟ್ರಂಕು ಹೊತ್ತು ನಮ್ಮ ನಮ್ಮ ಊರು ಸೇರಿದೆವು. ಒಂದು ದಿನ ಹಿರೇಕೆರೂರಿನಿಂದ ಟಪಾಲಿನವನು ನಮ್ಮ ಹಂಸಭಾವಿಗೆ ಕಾಗದ ತಂದ. ಪರೀಕ್ಷಕರು ಬೇರೆ ಕೆಲಸದ ಮೇಲೆ ಸವಣೂರಿನ ಹೈಸ್ಕೂಲಿಗೆ ಬರುವವರಿದ್ದಾರೆ, ನೀನು ಅಲ್ಲಿಗೇ ಹೋಗಿ ಐದನೆಯ ಇಯತ್ತೆಯ ಮಕ್ಕಳಿಗೆ ಪಾಠ ಮಾಡತಕ್ಕದ್ದು ಎಂದು ಬರೆದಿತ್ತು.

ಅಪ್ಪ ಕಾಗದವನ್ನು ಎರಡು ಸಲ ಓದಿಸಿದ. ಅಪ್ಪ ಕೆಟ್ಟವನಲ್ಲ. ನನ್ನನ್ನು ಬಿ.ಎ. ಮಾಡಿಸಿದವನೇ ಅವನು. ಆದರೆ ಓದುವುದು ಬೇರೆ, ಗಂಡು ಹುಡುಗರ ಮುಂದೆ ನಿಂತು ನೌಕರಿ ಮಾಡುವುದು ಬೇರೆ ಎಂದು ಅವನ ತಲೆಯಲ್ಲಿ ಕೂತಿತ್ತು. ಅತ್ತ ಅಕ್ಕಿಆಲೂರಿನಲ್ಲಿದ್ದ ನಮ್ಮ ಅತ್ತಿ, ಅಂದರೆ ಅವನ ತಂಗಿ, ತನ್ನ ಮೈದುನನಿಗೆ ನನ್ನನ್ನು ತಂದುಕೊಳ್ಳಬೇಕೆಂದು ಎರಡು ವರ್ಷದಿಂದ ಬೆನ್ನು ಹತ್ತಿದ್ದಳು. ಅಪ್ಪ ಎರಡನ್ನೂ ತೂಗಿ, ಕೊನೆಗೆ ತಕ್ಕಡಿಯನ್ನು ಆಯಿಯ ಕೈಗೆ ಕೊಟ್ಟ.

“ಯವ್ವಾ, ನೀನ ಹೋಗು ಇಕಿ ಜೋಡಿ. ಹೆಣ್ಣಮಗಳು ಹುಡುಗರ ಮುಂದ ನಿಂತು ಏನ್ ಮಾಡ್ತಾಳ ಅಂತ ಕಣ್ಣಿಲೆ ನೋಡಿ ಬಾ. ನೀ ಹ್ಞೂಂ ಅಂದ್ರ ನೌಕರಿ. ಉಹೂಂ ಅಂದ್ರ ಆಷಾಢ ಮುಗದ ಮ್ಯಾಲೆ ಅಕ್ಕಿಆಲೂರಾಗ ಲಗ್ನ.”

ಹೀಗಾಗಿ ನನಗೆ ಇಬ್ಬರು ಪರೀಕ್ಷಕರಾದರು. ಒಬ್ಬರನ್ನು ನಾನು ಕಂಡಿರಲಿಲ್ಲ. ಇನ್ನೊಬ್ಬಳ ತೊಡೆಯ ಮೇಲೆ ಮಲಗಿ ಬೆಳೆದಿದ್ದೆ. ಅಜ್ಜ ಇದ್ದಾಗಲೂ, ತೀರಿಕೊಂಡ ಮೇಲೂ ಐವತ್ತು ವರ್ಷ ಕೆರೆಯ ಕೆಳಗಿನ ಗದ್ದೆಯನ್ನು ತಾನೇ ಮಾಡಿಸಿದ ಹೆಂಗಸು ಅವಳು. ಆಳುಗಳು ಅವಳ ಕೆಮ್ಮು ಕೇಳಿದರೆ ಬೀಡಿ ಆರಿಸುತ್ತಿದ್ದರು. ನಿಜ ಹೇಳಬೇಕೆಂದರೆ, ನನಗೆ ಎರಡನೆಯ ಪರೀಕ್ಷಕರದೇ ಅಂಜಿಕೆ.

ಅವಳು ಒಪ್ಪಿದ್ದು ಸವಣೂರಿನ ಎಲೆಯ ಆಸೆಗೆ. “ಅಲ್ಲಿ ಎಲಿ ಬಾಯಾಗ ಇಟ್ರ ಕರಗತೈತಂತ. ನೋಡೇ ಬಿಡೂನು ನಡಿ,” ಎಂದು ಸಂಚಿ ಕಟ್ಟಿದಳು. ನಾನು ಪಾಠಕ್ಕೆ ‘ಅಕ್ಕಿ’ ಎಂಬ ವಿಷಯ ಆರಿಸಿ, ಹಳೆಯ ಕುಬಸದ ಬಟ್ಟೆಯಲ್ಲಿ ಆರು ಚಿಕ್ಕ ಚೀಲ ಹೊಲಿದು, ಭತ್ತ, ಕೆಂಪಕ್ಕಿ, ಬಿಳಿಯಕ್ಕಿ, ತೌಡು, ಅವಲಕ್ಕಿ, ಚುರಮರಿ ಅಂದರೆ ಮಂಡಕ್ಕಿ, ಇಷ್ಟನ್ನು ತುಂಬಿಕೊಂಡೆ. ಮಕ್ಕಳಿಗೆ ತೋರಿಸುವ ಇಂಥ ಸಾಮಾನಿಗೆ ನಮ್ಮ ಶಾಸ್ತ್ರದಲ್ಲಿ ಪಾಠೋಪಕರಣ ಎಂದು ಹೆಸರು.

“ಸಂತಿಗೆ ಹೊಂಟೀಯೋ, ಸಾಲಿಗೋ?” ಎಂದಳು ಆಯಿ.

ಅಕ್ಕಿಆಲೂರು

ಬಂಡಿಯಲ್ಲಿ ಹೊರಟು ಅಕ್ಕಿಆಲೂರು ಮುಟ್ಟುವಾಗ ಹೊತ್ತು ಇಳಿದಿತ್ತು. ಊರು ಬರುವ ಮೊದಲೇ ಗಿರಣಿಗಳ ಸಪ್ಪಳ ಬರುತ್ತದೆ. ಆಮೇಲೆ ತೌಡಿನ ವಾಸನೆ, ಆಮೇಲೆ ಊರು. ಅಲ್ಲಿ ಗಿಡದ ಎಲೆಯ ಮೇಲೂ, ಎಮ್ಮೆಯ ಬೆನ್ನಿನ ಮೇಲೂ, ಜಗುಲಿಯಲ್ಲಿ ಕೂತ ಹಿರಿಯರ ರುಮಾಲಿನ ಮೇಲೂ ತೆಳ್ಳಗೆ ತೌಡು ಕೂತಿರುತ್ತದೆ. ಯಾರೂ ಅದನ್ನು ಝಾಡಿಸುವುದಿಲ್ಲ. ಝಾಡಿಸಿದರೆ ಮತ್ತೆ ಕೂರುತ್ತದೆ ಎಂದು ಅವರಿಗೆ ಗೊತ್ತು.

ಅತ್ತಿಯ ಮೈದುನ ಗಿರಣಿಯಿಂದ ನೇರ ಬಂದು ನಡುಮನೆಯಲ್ಲಿ ಕೂತ. ಹುಬ್ಬು ಕೂಡ ಬೆಳ್ಳಗಿತ್ತು. ಮನುಷ್ಯ ಒಳ್ಳೆಯವನು, ಸುಳ್ಳು ಹೇಳಬಾರದು. ಬಹಳ ಹೊತ್ತು ಬೆರಳು ನೋಡಿಕೊಂಡು ಕಡೆಗೆ ಧೈರ್ಯ ಮಾಡಿ ಕೇಳಿದ.

“ಬಿ.ಟಿ. ಎಷ್ಟ ವರ್ಷದ್ದರಿ?”

“ಒಂದ ವರ್ಷದ್ದರಿ.”

“ಆಮ್ಯಾಲೆ ಮರೀತೈತೇನ್ರಿ?”

ಅವನು ಕೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ. ನೆಗಡಿ ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಕೇಳುವಷ್ಟೇ ಕಳಕಳಿ ಇತ್ತು. ನನಗೆ ನಗು ಬಂತು. ಈ ಮನೆಯಲ್ಲಿ ನನಗೆ ಉಣ್ಣಲು ಉಡಲು ಕಡಿಮೆಯಾಗುತ್ತಿರಲಿಲ್ಲ. ಆದರೆ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಾಗ ನನ್ನೊಳಗೆ ಏನು ಹತ್ತಿ ಉರಿಯುತ್ತಿತ್ತೋ, ಅದಕ್ಕೆ ಇಲ್ಲಿ ಜಾಗ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ಅತ್ತಿ ನನಗೆ ಉಡಿ ತುಂಬಿದಳು. ಐದು ಮುಷ್ಟಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಕೆ ಎಲ್ಲವನ್ನೂ ನನ್ನ ಸೆರಗಿನೊಳಗೆ ಸುರಿದು, ನಡುವಿಗೆ ಭದ್ರ ಸಿಕ್ಕಿಸಿದಳು. “ಚೆಲ್ಲಬ್ಯಾಡ. ಮನಿಗೆ ಒಯ್ದು ದೇವರ ಮುಂದ ಇಟ್ಟು ಅನ್ನ ಮಾಡ್ರಿ. ಮಾತು ಗಟ್ಟಿ ಆದಂಗ,” ಎಂದಳು. ಗಟ್ಟಿಯಾಗುವ ಮಾತು ಯಾವುದೆಂದು ನಾನು ಕೇಳಲಿಲ್ಲ. ಆಯಿ ಬಾಗಿಲ ಕಡೆ ನೋಡುತ್ತ ನಿಂತಿದ್ದಳು.

ಹಾನಗಲ್ಲು

ಹಾನಗಲ್ಲಿನಲ್ಲಿ ಬಂಡಿ ಬಿಟ್ಟು ಬಸ್ಸು ಹಿಡಿಯಬೇಕು. ಯುದ್ಧದಿಂದ ಪೆಟ್ರೋಲು ಸಿಗುತ್ತಿರಲಿಲ್ಲವಾದ್ದರಿಂದ ಬಸ್ಸುಗಳೆಲ್ಲ ಇದ್ದಲಿಗೆ ತಿರುಗಿದ್ದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಹಂಡೆ. ಅದರಲ್ಲಿ ಇದ್ದಲು ಸುರಿದು, ಕ್ಲೀನರು ಅರ್ಧ ತಾಸು ಗಾಳಿ ತಿರುವಿ ತಿರುವಿ ಬೆಂಕಿ ಎಬ್ಬಿಸಿದ ಮೇಲೆ ಬಸ್ಸಿಗೆ ಜೀವ ಬರುತ್ತಿತ್ತು. ಇಂಗ್ಲೆಂಡಿನ ರೈಲುಗಳು ಗಡಿಯಾರ ನೋಡಿ ಬಿಡುತ್ತವಂತೆ. ನಮ್ಮ ಬಸ್ಸು ಒಲೆ ಹತ್ತಿದಾಗ ಬಿಡುತ್ತಿತ್ತು, ಅಡಿಗೆಮನೆಯ ಹಾಗೆ.

ದಿಬ್ಬ ಬಂದಲ್ಲಿ ಬಸ್ಸು ಉಸ್ಸೆಂದು ನಿಂತಿತು. “ಇಳೀರಿ, ಎಲ್ಲಾರೂ ಇಳೀರಿ,” ಎಂದ ಕಂಡಕ್ಟರ. ಗಂಡಸರು ಹಿಂದಿನಿಂದ ನೂಕಿದರು. ಹೆಂಗಸರು ಗಂಟು ಹೊತ್ತು ನಡೆದೆವು. ಮುಂದಿನ ದಿಬ್ಬದಲ್ಲಿಯೂ ಅದೇ ಆದಾಗ ಆಯಿ ಕಂಡಕ್ಟರನನ್ನು ತಡೆದು ನಿಲ್ಲಿಸಿದಳು.

“ಏನಪಾ, ಬಂಡ್ಯಾಗ ಕುಂತ್ರ ಎತ್ತು ನಮ್ಮನ್ನ ಎಳೀತಾವ. ನಿನ್ನ ಬಸ್ಸಿನ್ಯಾಗ ನಾವ ಎತ್ತೇನು?”

“ಇಳಿಜಾರಿನ್ಯಾಗ ಕುಂದರಸ್ತೇವಲ್ಲವ್ವಾ,” ಎಂದ ಅವನು ದೊಡ್ಡ ಉಪಕಾರ ಮಾಡಿದವನಂತೆ.

ಹಂಡೆಯ ಹೊಗೆ ಕಿಟಕಿಯಿಂದ ಒಳಗೆ ಬಂದು ನಮ್ಮ ಮುಖವೆಲ್ಲ ಕರ್ರಗಾಯಿತು. ಅಜ್ಜಿಗೆ ಅರಿವೆ ಚಿಂತೆ ಎನ್ನುವ ಗಾದೆ ಅಂದು ಅಕ್ಷರಶಃ ನಿಜವಾಯಿತು. ಆಯಿ ತನ್ನ ಇಳಕಲ್ಲ ಸೀರೆಯ ಸೆರಗು ಒರೆಸುತ್ತ ಕೂತಳು. ನಾನು ನನ್ನ ಪಾಠದ ಟಿಪ್ಪಣಿಯನ್ನು ಹೊಗೆಯಿಂದ ಉಳಿಸುತ್ತ, ಐದು ಮೆಟ್ಟಿಲುಗಳನ್ನು ಬಾಯಿಪಾಠ ಮಾಡುತ್ತ ಕೂತೆ. ನಮ್ಮ ಶಾಸ್ತ್ರದ ಪ್ರಕಾರ ಪ್ರತಿ ಪಾಠಕ್ಕೂ ಐದು ಮೆಟ್ಟಿಲು. ಎಲ್ಲಕ್ಕಿಂತ ಮೇಲಿನ ನಿಯಮ ಒಂದೇ: ಶಿಕ್ಷಕಿ ತಾನಾಗಿ ಹೇಳಬಾರದು, ಕೇಳಿ ಕೇಳಿ ಮಕ್ಕಳ ಬಾಯಿಂದಲೇ ಹೊರಡಿಸಬೇಕು.

ಶಿಗ್ಗಾಂವಿ

ಶಿಗ್ಗಾಂವಿ ಗಡಿಗೆ ಹತ್ತಿರದ ಊರು. ಗಡಿಯ ಊರುಗಳಿಗೆ ಒಂದು ಗುಣ ಇರುತ್ತದೆ, ಆಚೆಯ ದೇಶದ ಬಗ್ಗೆ ಅಲ್ಲಿ ಎಲ್ಲರೂ ಪಂಡಿತರು. ನಾವು ಇಳಿದುಕೊಂಡ ಧರ್ಮಶಾಲೆಯ ಜಗುಲಿಯಲ್ಲಿ ಬೆಳಿಗ್ಗೆ ಚಾ ಕುಡಿಯುತ್ತ ಕೂತಾಗ ಯಾವೂರು, ಯಾರ ಪೈಕಿ, ಯಾಕೆ ಹೊರಟಿರಿ ಎಂಬ ಮೂರು ಪ್ರಶ್ನೆ ಮುಗಿದ ಮೇಲೆ ಉಪದೇಶ ಶುರುವಾಯಿತು.

“ಅಲ್ಲೆ ಎಲ್ಲಾ ಬ್ಯಾರೇನರಿ. ಮಾತು ಭಾಳ ಮೆತ್ತಗ. ಕೆಲಸ ಆಗೂದು ಮಾತ್ರ ಕೇಳಬ್ಯಾಡ್ರಿ,” ಎಂದರು ಒಬ್ಬರು.

“ಸುಮ್ನ ಕೂಡ್ರಿ. ನಮ್ಮಲ್ಲಿಕಿಂತ ಲಗು ಆಗತಾವು,” ಎಂದರು ಇನ್ನೊಬ್ಬರು, “ಖರೆ, ಎರಡ ಸಲ ಚಾ ಕುಡೀದ ಎದ್ದು ಬರಾಕ ಬಿಡಂಗಿಲ್ಲ.”

“ಎಲಿ ಹ್ಯಾಂಗದಾವು?” ಎಂದಳು ಆಯಿ.

ಅದರಲ್ಲಿ ಮಾತ್ರ ಎರಡು ಮತ ಇರಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ ತಲೆಯಾಡಿಸಿದರು. ಆಯಿ ಟಾಂಗಾ ತರಿಸಲು ಹೇಳಿದಳು.

ನಾಕಾ

ಸಂಸ್ಥಾನದ ನಾಕಾ ಎಂದರೆ ಒಂದು ಹುಣಸೆಮರ, ಒಂದು ಹಂಚಿನ ಗುಡಿಸಲು, ರಸ್ತೆಗೆ ಅಡ್ಡ ಒಂದು ಬಿದಿರು. ಜಮಾದಾರ ಎದ್ದು ಬಂದು ನನ್ನ ಕೈಚೀಲ ಬಿಚ್ಚಿಸಿದ. ಯುದ್ಧಕಾಲದ ಕಾಯ್ದೆ ಏನೆಂದರೆ, ಪರವಾನಗಿ ಇಲ್ಲದೆ ಕಾಳುಕಡಿ ಗಡಿ ದಾಟಬಾರದು. ಈ ಕಾಯ್ದೆಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಅದು ನನ್ನ ಆರು ಚೀಲಗಳಿಗೂ ತಗಲುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

“ಇದೇನ್ರಿ?”

“ಪಾಠೋಪಕರಣ.”

“ಅಂದ್ರ?”

“ಪಾಠ ಮಾಡೂ ಮುಂದ ಹುಡುಗರಿಗೆ ತೋರಸೂ ಸಾಮಾನು.”

ಅವನು ಒಂದು ಚೀಲ ಬಿಚ್ಚಿ, ಮೂಸಿ, ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡಿದ.

“ಬೇಯಿಸಿದ್ರ ಬೇಯ್ತೈತೇನ್ರಿ?”

“ಬೇಯ್ತೈತಿ.”

“ಹಂಗಾರ ಅಕ್ಕಿನ. ಪರವಾನಗಿ ತೋರಸ್ರಿ.”

“ಒಂದೊಂದು ಮುಷ್ಟಿ ಅದಾವಲ್ರಿ.”

“ಮುಷ್ಟಿ ಆದ್ರೇನು, ಮೂಟಿ ಆದ್ರೇನು? ಕಾಯ್ದೆ ಒಂದ.”

ಭತ್ತ, ಕೆಂಪಕ್ಕಿ, ಬಿಳಿಯಕ್ಕಿ, ಅವಲಕ್ಕಿ ನಾಲ್ಕೂ ಗುಡಿಸಲಿಗೆ ಹೋದವು. ಅವನ ಮಾತು ನ್ಯಾಯವೂ ಆಗಿತ್ತು, ಅದಕ್ಕೇ ನನಗೆ ಅಳು ಬಂತು. ತೌಡಿನ ಮೇಲೆ ಕಾಯ್ದೆ ಇಲ್ಲ ಎಂದು ಅದನ್ನು ಮರ್ಯಾದೆಯಿಂದ ತಿರುಗಿ ಕೊಟ್ಟ. ಚುರಮರಿ ಫರಾಳದ, ಅಂದರೆ ತಿಂಡಿಯ, ಲೆಕ್ಕಕ್ಕೆ ಬರುತ್ತದೆ ಎಂದು ಅದನ್ನೂ ಬಿಟ್ಟ. ಆಮೇಲೆ ನನ್ನ ನಡುವಿನ ಕಡೆ ಕಣ್ಣು ಹೋಯಿತು.

“ಅದೇನ್ರಿ ಅಲ್ಲೆ ಉಬ್ಬಿದ್ದು?”

ಅಲ್ಲಿಯವರೆಗೆ ಟಾಂಗಾದಲ್ಲೇ ಕೂತಿದ್ದ ಆಯಿ ಕೆಳಗಿಳಿದಳು.

“ಉಡಿ ತುಂಬ್ಯಾರಪಾ. ಐದ ಮುಷ್ಟಿ ಅಕ್ಕಿ ಐತಿ. ಅದನ್ನೂ ಇಡಸ್ಕೋತೀಯೇನು? ಇಡಸ್ಕೊ. ಹೆಣ್ಣಮಗಳ ತುಂಬಿದ ಉಡಿ ನಾಕಾದಾಗ ಬಿಚ್ಚಿಸಿದ್ರು ಅಂತ ನಾ ಊರೂರಿಗೆ ಹೇಳ್ಕೋತ ಹೋಗತೇನಿ.”

ಜಮಾದಾರ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕಿವಿ ಮುಟ್ಟಿಕೊಂಡ.

“ತೋಬಾ ತೋಬಾ! ಎಂಥಾ ಮಾತು ಅವ್ವಾ. ನಮ್ಮ ಮನ್ಯಾಗೂ ಹೆಣ್ಣಮಕ್ಕಳು ಅದಾರ. ಉಡಿ ಅಕ್ಕಿಗೆ ಯಾ ಸರಕಾರದ ಕಾಯ್ದೆನೂ ಇಲ್ಲ. ಹೋಗ್ರಿ, ಆರಾಮ ಹೋಗ್ರಿ.”

ಅವನೇ ಬಿದಿರು ಎತ್ತಿದ. ಹೀಗೆ ನಾನು ಹಿಡಿ ತೌಡು, ನಡುವಿನಲ್ಲಿ ಐದು ಮುಷ್ಟಿ ಅಕ್ಕಿ ಕಟ್ಟಿಕೊಂಡು ಪರದೇಶ ಪ್ರವೇಶಿಸಿದೆ. ಚುರಮರಿಯನ್ನು ಆಯಿ ಟಾಂಗಾದಲ್ಲೇ ಮುಗಿಸಿದಳು.

ಸವಣೂರು

ಶಿಗ್ಗಾಂವಿಯವರು ಹೇಳಿದ್ದು ಖರೆ, ಸವಣೂರಿನ ಮಾತು ಮೆತ್ತಗೆ. ಹೈಸ್ಕೂಲಿನ ದಾರಿ ಕೇಳಿದರೆ ಬಳೆ ಮಾರುವ ಒಬ್ಬ ಮುದುಕ ತನ್ನ ಅಂಗಡಿ ಬಿಟ್ಟು ನಮ್ಮ ಜೊತೆ ನಡೆದು ಬಂದ. ನಮ್ಮ ಕಡೆ ಕೈ ತೋರಿಸುತ್ತಾರೆ, ಬಹಳವಾದರೆ ಗದ್ದ ಎತ್ತಿ ತೋರಿಸುತ್ತಾರೆ. ಹೆಡ್‌ಮಾಸ್ತರರ ಮನೆಯಿಂದ ನಾವು ಇನ್ನೂ ಕಾಲು ತೊಳೆಯುವಷ್ಟರಲ್ಲಿ ಬಾಳೆಹಣ್ಣು, ಹಾಲು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ಬಂದವು. ಪರಜಾತಿಯವರ ಮನೆಯಲ್ಲಿ ಬೇಯಿಸಿದ್ದು ಆಯಿಗೆ ನಡೆಯುವುದಿಲ್ಲ ಎಂದು ಅವರೇ ತಿಳಿದುಕೊಂಡಿದ್ದರು. ಕೇಳಿ ನಮ್ಮನ್ನು ಮುಜುಗರಕ್ಕೆ ಹಚ್ಚಲಿಲ್ಲ. ಆಯಿ ಒಂದು ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು.

“ಈ ದೇಶ ಛಲೋ ಐತಿ,” ಎಂದಳು ಆಮೇಲೆ.

ಮಧ್ಯಾಹ್ನ ಪಾಠ. ಬೆಂಚುಗಳಲ್ಲಿ ನಲವತ್ತು ಹುಡುಗರು, ಒಂದು ಬದಿಗೆ ನಾಲ್ಕು ಹುಡುಗಿಯರು. ಹಿಂದಿನ ಸಾಲಿನಲ್ಲಿ ಮೂರು ಕುರ್ಚಿ. ಒಂದರಲ್ಲಿ ಹೆಡ್‌ಮಾಸ್ತರರು, ಒಂದರಲ್ಲಿ ಪರೀಕ್ಷಕ ಸಾಹೇಬರು, ಮೂರನೆಯದರಲ್ಲಿ ಆಯಿ. ಸಾಹೇಬರು ಕರಿ ಟೊಪ್ಪಿಗೆಯ, ಬಡಕಲು ಮೈಯ, ನಗದ ಮನುಷ್ಯ. ತೊಡೆಯ ಮೇಲೆ ತೆರೆದ ಪುಸ್ತಕ, ಕೈಯಲ್ಲಿ ಚೂಪು ಪೆನ್ಸಿಲು.

ಬೇರೆ ಉಪಕರಣ ಇರಲಿಲ್ಲ. ನಾನು ನಡುವಿನ ಗಂಟು ಬಿಚ್ಚಿ ಉಡಿ ಅಕ್ಕಿಯನ್ನು ಬೆಂಚು ಬೆಂಚಿಗೆ ಚಿಟಿಕೆ ಚಿಟಿಕೆ ಹಂಚಿದೆ. ಅತ್ತಿಯ ಮುಖ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಹಿಂದಿನ ಕುರ್ಚಿಯಿಂದ ಆಯಿ ಉಸಿರೆಳೆದದ್ದು ಕೇಳಿಸಿತು.

“ಇದೇನು?”

“ಅಕ್ಕಿರೀ!” ಇಡೀ ವರ್ಗ ಕೂಗಿತು. ಕೆಲವರು ಆಗಲೇ ಬಾಯಿಗೆ ಹಾಕಿಕೊಂಡಿದ್ದರು.

“ಅಕ್ಕಿ ಎಲ್ಲಿಂದ ಬರ್ತೈತಿ?”

ನನ್ನ ಟಿಪ್ಪಣಿಯಲ್ಲಿ ಇದಕ್ಕೆ ‘ಭತ್ತದಿಂದ’ ಎಂದು ಉತ್ತರ ಬರೆದಿತ್ತು. ಮುಂದಿನ ಬೆಂಚಿನ ಹುಡುಗ ಎದ್ದು ನಿಂತ.

“ರೇಶನ್ ಅಂಗಡಿಯಿಂದ್ರಿ.”

“ಅಂಗಡಿಗೆ ಎಲ್ಲಿಂದ ಬರ್ತೈತಿ?”

“ಯಲವಿಗಿ ಸ್ಟೇಶನ್ದಿಂದ್ರಿ.”

“ಸ್ಟೇಶನ್ನಿಗೆ?”

“ರೈಲಿನ್ಯಾಗ ಬರ್ತೈತ್ರಿ.”

ಹೇಗಾದರೂ ಮಾಡಿ ಗದ್ದೆಗೆ ಮುಟ್ಟಿಸಬೇಕೆಂದು ನಾನು ಇನ್ನೂ ಒಂದು ಕೇಳಿದೆ. “ರೈಲಿನ್ಯಾಗ ಎಲ್ಲಿಂದ ಬರ್ತೈತಿ?”

ಬದಿಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದಳು. “ಬರ್ಮಾದಿಂದ ಬರ್ತಿತ್ರಿ. ಈಗ ಅಲ್ಲೆ ಜಪಾನದವರು ಬಂದಾರಂತ್ರಿ. ಅದಕ್ಕ ಬರವೊಲ್ದು.”

ನಾಲ್ಕು ಪ್ರಶ್ನೆಗಳಲ್ಲಿ ನಾನು ಅಕ್ಕಿಯಿಂದ ಜಪಾನಿನವರೆಗೆ ಹೋಗಿದ್ದೆ. ಸಾಹೇಬರ ಪೆನ್ಸಿಲು ಸರಸರ ಓಡಿತು. ಮುಂದಿನ ಪ್ರಶ್ನೆ ಹುಡುಕುತ್ತಿರುವಾಗಲೇ ಹಿಂದಿನ ಕುರ್ಚಿ ಕಿರ್ರೆಂದಿತು.

“ಯವ್ವಾ ನೀಲೀ, ನಿನಗ ಗೊತ್ತಿಲ್ಲಂದ್ರ ನನ್ನ ಕೇಳಬಾರದೇನ? ಆ ಸಣ್ಣ ಹುಡುಗರನ್ನ ಕೇಳಾಕತ್ತೀಯಲ್ಲ!” ಆಯಿ ಎದ್ದು ನಿಂತಿದ್ದಳು. “ಮನಿ ಮರ್ಯಾದಿ ಏನಾತು? ಅಕ್ಕಿ ಭತ್ತದಾಗಿಂದ ಬರ್ತೈತಿ. ಭತ್ತ ಗದ್ದ್ಯಾಗ ಬೆಳೀತೈತಿ. ಹುಟ್ಟಿದಾಗಿಂದ ನೋಡಿಲ್ಲೇನ ನೀನು?”

ವರ್ಗವೆಲ್ಲ ಘೊಳ್ಳೆಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಪಾಪ, ಆಯಿ ನನ್ನ ಮಾನ ಉಳಿಸಲಿಕ್ಕೇ ಎದ್ದಿದ್ದಳು. ಓದಿದವಳು ಹೇಳಬೇಕು, ಕೇಳುವವಳು ಏನೂ ಗೊತ್ತಿಲ್ಲದವಳು ಎಂಬುದು ಅವಳ ಲೆಕ್ಕ. ಒಂದು ವರ್ಷ ಕಷ್ಟಪಟ್ಟು ಕಲಿತ ಶಾಸ್ತ್ರವೆಲ್ಲ ಅವಳ ಕಣ್ಣಿಗೆ ಮೊಮ್ಮಗಳ ದಡ್ಡತನವಾಗಿ ಕಂಡಿತ್ತು.

ಸಾಹೇಬರು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಕೂತುಕೋ ಎಂದು ಆಯಿಗೆ ಹೇಳಿದರೆ ಪಾಠವೂ ಹೋಗುತ್ತದೆ, ಆಯಿಯೂ ಹೋಗುತ್ತಾಳೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಹುಡುಗ್ರಾ, ಇವರು ಐವತ್ತ ವರ್ಷ ಭತ್ತ ಬೆಳದಾರ. ನಿಮಗ ಏನೇನು ತಿಳೀಬೇಕು, ಇವರನ್ನ ಕೇಳ್ರಿ.”

ಪ್ರಶ್ನೆಗಳ ಕಟ್ಟೆ ಒಡೆಯಿತು.

“ಭತ್ತ ನೀರಾಗ ನಿಂತ್ರ ಕೊಳಿಯಂಗಿಲ್ಲೇನ್ರಿ?”

“ನಿನ್ನ ಕಾಲ ಕೊಳೀತಾವು. ಭತ್ತ ಕೊಳಿಯಂಗಿಲ್ಲ.”

“ಸಸಿ ಹಚ್ಚೂ ಮುಂದ ಹಿಂದಕ ಹಿಂದಕ ಯಾಕ ಹೋಗತಾರ್ರಿ?”

“ಮುಂದಕ ಹೋದ್ರ ಹಚ್ಚಿದ್ದನ್ನ ತುಳೀತೀಯಲ್ಲೋ ಹುಚ್ಚಪ್ಪಾ. ತಾ ಇಲ್ಲೆ, ತೋರಸ್ತೇನಿ.”

ಸೆರಗು ಬಿಗಿದು, ಹುಡುಗರಿಂದ ಬಳಪ ಇಸಿದುಕೊಂಡು, ಬೆಂಚುಗಳ ನಡುವೆ ಬಗ್ಗಿ, ಆಯಿ ಬಳಪದ ಸಸಿ ನೆಡುತ್ತ ಹಿಂದೆ ಹಿಂದೆ ನಡೆದಳು. ಸಾಹೇಬರ ಕುರ್ಚಿ ಬಂತು. “ಕಾಲ ತಗೀರಿ. ಗದ್ದಿ ಐತಿ,” ಎಂದಳು ತಿರುಗಿ ನೋಡದೆ. ಸಾಹೇಬರು ಎರಡೂ ಕಾಲೆತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡರು.

ಅಷ್ಟರಲ್ಲಿ ನನಗೂ ಧೈರ್ಯ ಬಂದಿತ್ತು. ಹುಡುಗರು ಕೇಳಿದ್ದು, ಆಯಿ ಹೇಳಿದ್ದು ಒಂದೊಂದನ್ನೇ ಹಲಗೆಗೆ ಏರಿಸಿದೆ. ಸಸಿ, ನಾಟಿ, ತೆನೆ, ಒಕ್ಕಣೆ, ಭತ್ತ, ಕುಟ್ಟುವುದು, ಅಕ್ಕಿ, ಎಲ್ಲ ಸಾಲಾಗಿ ಬಂದವು. ಕೊನೆಗೆ ಆ ಹಿಡಿ ತೌಡನ್ನು ತೋರಿಸಿ ಇದು ಎಲ್ಲಿಂದ ಬಂತು ಎಂದಾಗ, ರೇಶನ್ ಅಂಗಡಿಯ ಹುಡುಗನೇ ಯೋಚಿಸಿ, ಅಕ್ಕಿಯ ಮೈಮೇಲಿಂದ ಎಂದ. ನನಗೆ ಅವನನ್ನು ಎತ್ತಿಕೊಳ್ಳುವಷ್ಟು ಸಂತೋಷವಾಯಿತು. ಗಂಟೆ ಹೊಡೆಯುವ ಮೊದಲು ಮತ್ತೆ ಕೇಳಿದೆ.

“ಈಗ ಹೇಳ್ರಿ, ಅಕ್ಕಿ ಎಲ್ಲಿಂದ ಬರ್ತೈತಿ?”

“ಆಯಿ ಗದ್ದ್ಯಾಗಿಂದ್ರೀ!”

ಹಂಚಿದ ಅಕ್ಕಿ ಒಟ್ಟುಮಾಡಿದೆ. ಐದು ಮುಷ್ಟಿಯಲ್ಲಿ ತಿರುಗಿ ಬಂದದ್ದು ಅರ್ಧ ಮುಷ್ಟಿ. ಉಳಿದದ್ದು ಸವಣೂರಿನ ಹೊಟ್ಟೆ ಸೇರಿತ್ತು.

ಯಲವಿಗಿ

ತಿರುಗಿ ಹೋಗುವಾಗ ದಿಬ್ಬದ ಬಸ್ಸು ಬೇಡವೆಂದು ಆಯಿ ಹಟ ಹಿಡಿದಳು. ಯಲವಿಗಿ ಸ್ಟೇಶನ್ನಿಗೆ ಬಂದು ಬ್ಯಾಡಗಿಯ ಕಡೆ ಹೋಗುವ ಗಾಡಿ ಕಾಯುತ್ತ ಕೂತೆವು. ನಾಕಾದಲ್ಲಿ ನನ್ನ ನಾಲ್ಕು ಚೀಲ ಹಾಗೇ ಉಳಿದವು. ಜಮಾದಾರನ ಮನೆಯವರು ಉಂಡಿದ್ದರೆ ನನಗೇನೂ ಸಿಟ್ಟಿಲ್ಲ.

ಅದೇ ಪ್ಲಾಟ್‌ಫಾರ್ಮಿನಲ್ಲಿ ಹುಬ್ಬಳ್ಳಿಯ ಗಾಡಿ ಕಾಯುತ್ತ ಪರೀಕ್ಷಕ ಸಾಹೇಬರೂ ನಿಂತಿದ್ದರು. ನಾನು ತಲೆ ತಗ್ಗಿಸಿದೆ. ಆಯಿ ನೇರ ಅವರ ಎದುರು ಹೋಗಿ ನಿಂತಳು.

“ಏನ್ರೀ ಸಾಹೇಬ್ರ, ನಮ್ಮ ಹುಡುಗಿ ಪಾಸೋ ನಾಪಾಸೋ?”

“ಅದನ್ನು ಹೇಳಬಾರದು, ಅಮ್ಮಾ.”

“ನೀವೂ ಹೇಳಂಗಿಲ್ಲೇನು? ಸಾಯ್ಲಿ, ಈ ಬಿ.ಟಿ. ಮಂದಿ ಯಾರೂ ಏನೂ ಹೇಳಂಗಿಲ್ಲ ಬಿಡ್ರಿ.”

ಆಗ ಆ ಮನುಷ್ಯ ಮೊದಲ ಸಲ ನಕ್ಕರು. ನನ್ನ ಕಡೆ ತಿರುಗಿ, “ನಿಮ್ಮ ಪಾಠೋಪಕರಣ ಉತ್ತಮವಾಗಿತ್ತು. ಆದರೆ ಉಪಕರಣ ಮಾತಾಡಬಾರದು,” ಎಂದರು. ಅವರ ಗಾಡಿ ಬಂತು. ಹತ್ತುವಾಗ ಮತ್ತೆ ಹೇಳಿದರು: “ಜೂನ್ ಬರುವುದರೊಳಗೆ ಯಾವುದಾದರೂ ಹೈಸ್ಕೂಲಿಗೆ ಅರ್ಜಿ ಹಾಕಿರಿ. ತಡ ಮಾಡಬೇಡಿರಿ.”

ಗಾಡಿ ಹೋದ ಮೇಲೂ ನಾನು ಹಾಗೇ ನಿಂತಿದ್ದೆ. ಮೈಯೆಲ್ಲ ಹಗುರಾಗಿತ್ತು. ಆಮೇಲೆ ಇನ್ನೊಬ್ಬ ಪರೀಕ್ಷಕಿಯ ನೆನಪಾಗಿ ಮತ್ತೆ ಭಾರವಾಯಿತು. ಬಾಕಿನ ಮೇಲೆ ಅವಳ ಹತ್ತಿರ ಕೂತು, ನಾನು ಯಾಕೆ ಕೇಳಿದೆ ಎಂದು ಬಿಡಿಸಿ ಹೇಳಿದೆ. ಹೇಳಿದರೆ ಮಕ್ಕಳು ಮರೆಯುತ್ತಾರೆ, ತಾವೇ ಹುಡುಕಿದರೆ ನೆನಪಿನಲ್ಲಿ ಉಳಿಯುತ್ತದೆ ಎಂದೆ. ಅವಳು ಸವಣೂರಿನ ಎಲೆಗೆ ಸುಣ್ಣ ಸವರುತ್ತ ಕೇಳಿದಳು.

“ಹಂಗಾರ ನಿನಗ ಎಲ್ಲಾ ಗೊತ್ತಿತ್ತು?”

“ಗೊತ್ತಿತ್ತು, ಆಯಿ.”

“ಗೊತ್ತಿದ್ದೂ ಗೊತ್ತಿಲ್ಲದಾಕಿ ಹಂಗ ಇರಬೇಕು.”

“ಹೌದು. ಅದ ಕಲಸೂ ರೀತಿ.”

“ಇದೇನ ಹೊಸಾ ವಿದ್ಯಾ ಅಲ್ಲ ಬಿಡು. ಸೊಸಿಯಾಗಿ ಬಂದಾಗ ನಾನೂ ನಮ್ಮತ್ತಿ ಮುಂದ ಹಿಂಗ ಮಾಡ್ತಿದ್ದೆ.”

“ಅಪ್ಪಗ ಏನ್ ಹೇಳ್ತಿ, ಆಯಿ?”

“ಕೇಳಿದಾಗ ಹೇಳ್ತೇನಿ,” ಎಂದು ಅವಳು ಎಲೆ ಬಾಯಿಗಿಟ್ಟುಕೊಂಡಳು. ಎಲೆ ಬಾಯಲ್ಲಿದ್ದಾಗ ಆಯಿಯ ಹತ್ತಿರ ಮಾತು ತೆಗೆಯುವುದು ಯಾರಿಂದಲೂ ಆಗದ ಕೆಲಸ. ಬ್ಯಾಡಗಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಂಡಿಯಲ್ಲಿ, ನನಗೆ ಒಂದು ಊರೂ ಕಣ್ಣಿಗೆ ಬೀಳಲಿಲ್ಲ.

ಮತ್ತೆ ಹಂಸಭಾವಿ

ಅಪ್ಪ ಜಗುಲಿಯಲ್ಲೇ ಕೂತಿದ್ದ. ಆಯಿ ಕಾಲು ತೊಳೆದು, ನೀರು ಕುಡಿದು, ಕಂಬಕ್ಕೆ ಒರಗಿ ಕೂತಳು. ನಾನು ಅವ್ವನ ಜೊತೆ ಅಡಿಗೆಮನೆಯ ಬಾಗಿಲ ಮರೆಗೆ ನಿಂತೆ.

“ಏನ್ ಯವ್ವಾ, ನೋಡಿ ಬಂದ್ಯಾ?” ಎಂದ ಅಪ್ಪ.

“ನೋಡಿದೆ. ಏನ್ ಹೇಳ್ಲೆಪಾ, ಮಾನ ಹೋತು.”

ಅವ್ವ ನನ್ನ ಕೈ ಹಿಡಿದಳು. ಅಪ್ಪ ನೆಟ್ಟಗೆ ಕೂತ.

“ಯಾಕ? ಹುಡುಗರು ಏನರ ಅಂದ್ರೇನು?”

“ಹುಡುಗರು ಬಂಗಾರದಂಥಾವು. ಅಕ್ಕೋರ ಅಕ್ಕೋರ ಅಂತ ಕೈ ಕಟ್ಟಿ ಕುಂತಿದ್ದವು. ಇಕಿಗೇ ಏನೂ ಗೊತ್ತಿಲ್ಲ. ಅಕ್ಕಿ ಎಲ್ಲಿಂದ ಬರ್ತೈತಿ ಅಂತ ಆ ಸಣ್ಣ ಹುಡುಗರನ್ನ ಕೇಳಿದ್ಲು. ಕಡೀಕ ನಾನ ಎದ್ದು ಹೇಳಬೇಕಾತು. ಸುಳ್ಳಂದ್ರ ಇಕೀನ್ನ ಕೇಳು.”

ಅಪ್ಪ ನನ್ನ ಕಡೆ ತಿರುಗಿದ. “ಹೌದೇನ? ಕೇಳಿದ್ಯಾ?”

“ಕೇಳಿದೆ.”

“ಆಯಿ ಹೇಳಿದ್ಲಾ?”

“ಹೇಳಿದ್ಲು.”

ಒಂದೂ ಸುಳ್ಳಲ್ಲ. ಆಯಿ ದನಿ ಇಳಿಸಿದಳು.

“ಇಂಥಾಕಿನ್ನ ಒಯ್ದು ಅಕ್ಕಿ ಗಿರಣಿ ಮನಿಗೆ ಕೊಡ್ತಿ? ಅದೂ ಅಕ್ಕಿಆಲೂರಾಗ? ಹೋದ ಮರುದಿನಾನ ಅಲ್ಲಿ ಮಂದ್ಯಾಗ ಹಿಂಗ ಕೇಳಿದ್ಲು ಅಂದ್ರ, ಮುತ್ಯಾನ ಕಾಲದಿಂದ ಗದ್ದಿ ಮಾಡಿದ ಮನತನ ನಮ್ಮದು, ಮಾರಿ ಎಲ್ಲೆ ಇಟ್ಕೋತಿ?”

“ಹಂಗಾರ ಈಗ ಏನ್ ಮಾಡೂದು?”

“ಏನ್ ಮಾಡೂದು? ಸಾಲಿಗೆ ಕಳಸು. ನೌಕರಿ ಮಾಡ್ಲಿ. ಆ ಹುಡುಗರು ಭಾಳ ಶಾಣ್ಯಾ ಅದಾವು. ದಿನಾ ಕೇಳ್ಕೋತ ಹೋದ್ರ ನಾಕ ವರ್ಷದಾಗ ಎಲ್ಲಾ ಹೇಳಿಕೊಡ್ತಾವು.”

ಅವಳು ನನ್ನ ಕಡೆ ನೋಡಲೇ ಇಲ್ಲ. ಅಡಕೆ ಕತ್ತರಿಸುತ್ತಿದ್ದಳು. ನನಗೆ ಓಡಿ ಹೋಗಿ ಅವಳ ಕಾಲು ಹಿಡಿಯಬೇಕೆನ್ನಿಸಿತು. ಹಿಡಿದರೆ ಅಪ್ಪನಿಗೆ ತಿಳಿದುಬಿಡುತ್ತದೆ ಎಂದು ಅಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡೆ.

ಅಪ್ಪ ಕಾಗದ, ದೌತಿ ತರಲು ನನ್ನನ್ನೇ ಕೂಗಿದ. ಮನೆಯ ಪತ್ರಗಳನ್ನೆಲ್ಲ ಬರೆಯುವವಳು ನಾನೇ. ಅವನು ಒಂದೊಂದೇ ಮಾತು ತೂಗಿ ಹೇಳಿದ, ನಾನು ಬರೆದೆ: “ಅಕ್ಕಿಆಲೂರಿನ ತಂಗಿಗೆ ಆಶೀರ್ವಾದಗಳು. ನಮ್ಮ ಹುಡುಗಿಗೆ ತಿಳಿವಳಿಕೆ ಬಹಳ ಕಡಿಮೆ ಇರುವುದು ಈಗ ಗೊತ್ತಾಗಿದೆ. ಆದ ಕಾರಣ ಲಗ್ನದ ಮಾತು ಕೈಬಿಟ್ಟು, ಅವಳನ್ನು ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿ ಕಳಿಸಬೇಕೆಂದು ನಿಶ್ಚಯಿಸಿದ್ದೇವೆ.”

ಕಣ್ಣು ಮಂಜಾಗಿ ಸಾಲು ಸೊಟ್ಟಾದವು. ಆದರೂ ಒಂದಕ್ಷರ ಬಿಡದೆ ಬರೆದು, ಮಸಿ ಆರುವ ಮೊದಲೇ ಮಡಿಚಿದೆ.